ಯಾರಿಗೂ ಜ್ವರ ಬಾರದ ಅಂಗಡಿ

"ನಮ್ಮ ಅಂಗಡಿಯಲ್ಲಿ ಯಾರಿಗೂ ಜ್ವರ ಬರುದಿಲ್ಲ ಮಾರಾಯ್ರೆ," ಎಂದರು ಬೋಜಪ್ಪನವರು.

ಪುತ್ತೂರಿನ ಪೇಟೆಯಲ್ಲಿ ಅವರ ಜವಳಿ ಅಂಗಡಿ. ಶಾಲೆ ಸುರುವಾಗುವ ಹೊತ್ತು, ಯೂನಿಫಾರ್ಮಿನ ಸೀಸನ್. ಸವಣೂರಿನಿಂದ ಬಂದ ಗಿರಾಕಿಯೊಬ್ಬರು ಮಗಳಿಗೆ ಚೆಕ್ಸಿನ ಅಂಗಿ ಕೊಂಡು, ದುಡ್ಡು ಕೊಡುತ್ತಾ, ಊರಿಡೀ ಜ್ವರ ಧಣಿ, ಮನೆಗೊಬ್ಬರು ಮಲಗಿದ್ದಾರೆ, ಆಸ್ಪತ್ರೆಯಲ್ಲಿ ಮಂಚ ಇಲ್ಲ ಎಂದಿದ್ದರು. ಅದಕ್ಕೆ ಬಂದ ಉತ್ತರ ಇದು.

"ನೋಡಿ, ಇಷ್ಟು ಜನ ಹುಡುಗಿಯರು ಉಂಟು. ಒಬ್ಬಳದ್ದು ಒಂದು ರಜೆ ಉಂಟಾ ಕೇಳಿ. ಕೈಯಲ್ಲಿ ಕೆಲಸ ಇದ್ದರೆ ಜ್ವರ ಬರ್ಲಿಕ್ಕೆ ಪುರ್ಸೊತ್ತು ಎಲ್ಲಿ?"

ಗಿರಾಕಿ ನಕ್ಕರು. ಬೋಜಪ್ಪನವರೂ ನಕ್ಕರು. ಪಕ್ಕದಲ್ಲಿ ಒಂದು ಮಗುವಿನ ಹೆಗಲಿಗೆ ಟೇಪು ಹಿಡಿದು ನಿಂತಿದ್ದ ಊರ್ಮಿಳಾ ಮುಖ ಬಿಗಿಹಿಡಿದಳು. ಎದುರಿನ ಕೌಂಟರಿನಲ್ಲಿ ಹಸ್ನಾ ಕಪಾಟಿಗೆ ಮುಖ ಹಾಕಿ ನಗು ನುಂಗಿದಳು. ಯಾಕೆಂದರೆ ಧಣಿಗಳು ಕೂತ ಕುರ್ಚಿಗೆ ಸರಿಯಾಗಿ ಮೇಲೆ, ಅಟ್ಟದ ಹಲಗೆಯ ಆಚೆ, ಬಟ್ಟೆಯ ಕಟ್ಟುಗಳ ನಡುವೆ, ಅವರ ಜೊತೆಯ ಹುಡುಗಿ ಮೋಕ್ಷಿತಾ ಮೈ ಸುಡುವ ಜ್ವರದಲ್ಲಿ ಮಲಗಿದ್ದಳು.

ಆ ಹೊತ್ತಿಗೆ ಅವರಿಗೆ ಅದು ತಮಾಷೆಯಾಗಿಯೇ ಕಂಡಿತ್ತು.

ಆ ಅಂಗಡಿಗೆ ಒಂದು ಕಟ್ಟಳೆ ಇತ್ತು. ಸೀಸನ್ನಿನಲ್ಲಿ ಒಬ್ಬಳು ರಜೆ ಹಾಕಿದರೆ ಅವಳ ಇಡೀ ಸೆಕ್ಷನಿಗೆ ಸರದಿಯ ಆದಿತ್ಯವಾರದ ರಜೆ ಇಲ್ಲ. ಬಾಗಿಲ ಬಳಿಯ ಮೆಷಿನಿಗೆ ಬೆಳಿಗ್ಗೆ ಬೆರಳು ಒತ್ತಬೇಕು, ಸಂಜೆ ಬೆರಳು ಒತ್ತಬೇಕು. ಒಂದು ತಪ್ಪಿದರೂ ಅದು ರಜೆಯ ಲೆಕ್ಕ. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಬೈಯುವ ಅಗತ್ಯವೇ ಬೀಳುತ್ತಿರಲಿಲ್ಲ. ತನ್ನಿಂದ ಉಳಿದವರ ಆದಿತ್ಯವಾರ ಹೋದೀತು ಎಂಬ ನಾಚಿಕೆಗೇ ಎಲ್ಲರೂ ಎದ್ದು ಬರುತ್ತಿದ್ದರು.

ಬಂದವರನ್ನು ನೋಡಿಕೊಳ್ಳುವುದಕ್ಕೆ ಯೂನಿಫಾರ್ಮಿನ ಸೆಕ್ಷನಿನವರು ತಾವೇ ಒಂದು ದಾರಿ ಮಾಡಿಕೊಂಡಿದ್ದರು. ಕಬ್ಬಿಣದ ಮೆಟ್ಟಿಲು ಹತ್ತಿದರೆ ಅಟ್ಟ. ಅಲ್ಲಿ ಕ್ಯಾಮೆರಾ ಇಲ್ಲ, ಬಟ್ಟೆಯ ಕಟ್ಟುಗಳಿಗೆ ಎಂತ ಕ್ಯಾಮೆರಾ ಎಂದು ಧಣಿಗಳು ಹಾಕಿಸಿರಲಿಲ್ಲ. ಹಿಂದಿನ ಗೋಡೆಯ ಬಳಿ ಬಿಳಿ ಶರ್ಟಿನ ಬಟ್ಟೆಯ ಕಟ್ಟುಗಳನ್ನು ಆಳೆತ್ತರ ಪೇರಿಸಿ, ಅದರ ಮರೆಯಲ್ಲಿ ಒಬ್ಬರು ಕಾಲು ಚಾಚುವಷ್ಟು ಜಾಗ ಬಿಟ್ಟು, ಹಳೆಯ ಬೆಡ್‌ಶೀಟು ಹಾಸಿದ್ದರು. ತಿಂಗಳ ಹೊಟ್ಟೆನೋವಿನವರು, ತಲೆ ಸಿಡಿಯುವವರು, ಜ್ವರದವರು ಬೆಳಿಗ್ಗೆ ಬಂದು ಬೆರಳು ಒತ್ತಿ ಅಲ್ಲಿ ಮಲಗುವುದು. ಅವರ ಕೌಂಟರನ್ನು ಉಳಿದವರು ಹಂಚಿಕೊಂಡು ನಿಲ್ಲುವುದು. ಯಾರಾದರೂ ಕೇಳಿದರೆ ಎಲ್ಲರ ಬಾಯಲ್ಲಿ ಒಂದೇ ಉತ್ತರ: "ಸ್ಟಾಕ್ ನೋಡ್ಲಿಕ್ಕೆ ಹೋಗಿದ್ದಾಳೆ." ಅವರವರ ನಡುವೆ ಅದಕ್ಕೆ ಗೂಡು ಎಂದು ಹೆಸರು.

ಗೂಡು ಮಾಡಿದವಳು ಊರ್ಮಿಳಾ. ಎಲ್ಲರಿಗಿಂತ ಹಿರಿಯಳು, ಎಲ್ಲರಿಗೂ ಊರ್ಮಿಳಕ್ಕ. ಅವಳು ಚಿಕ್ಕವಳಿರುವಾಗ ಮನೆಯಲ್ಲಿ ಅಜ್ಜ ಮಳೆಗಾಲದ ಸೋಣ ತಿಂಗಳಿಡೀ ಪುರಾಣ ಓದುತ್ತಿದ್ದರು. ಯುದ್ಧದ ಕಥೆಯಲ್ಲಿ ಯಾರಾದರೂ ಬಾಣ ತಾಗಿ ಮೂರ್ಛೆ ಬಿದ್ದರೆ, ಎಷ್ಟು ಹೊತ್ತಾದರೂ ಸರಿ, ದೀಪದ ಎಣ್ಣೆ ಮುಗಿಯಲಿ ಬೇಕಾದರೆ, ಅವನು ಏಳುವವರೆಗೆ ಅಜ್ಜ ಓದು ನಿಲ್ಲಿಸುತ್ತಿರಲಿಲ್ಲ. ಬಿದ್ದವನನ್ನು ಬಿದ್ದಲ್ಲೇ ಬಿಟ್ಟು ಪುಸ್ತಕ ಮಡಚಬಾರದು ಮಗಾ, ಎನ್ನುತ್ತಿದ್ದರು. ಗೂಡಿನಲ್ಲಿ ಮಲಗಿದವರಿಗೆ ಬಿಸಿನೀರು ಒಯ್ದು ಕೊಡುವಾಗೆಲ್ಲ ಊರ್ಮಿಳೆಗೆ, ತಾನೂ ಅಜ್ಜನ ಮಾತನ್ನೇ ನಡೆಸುತ್ತಿದ್ದೇನೆ ಅನ್ನಿಸುತ್ತಿತ್ತು.

ಮೋಕ್ಷಿತಾ ಅರಂತೋಡಿನ ಹುಡುಗಿ. ಸುಳ್ಯಕ್ಕೆ ಒಂದು ಬಸ್ಸು, ಅಲ್ಲಿಂದ ಪುತ್ತೂರಿಗೆ ಇನ್ನೊಂದು. ಸೋಮವಾರದ ಹೊತ್ತಿಗೇ ಮೈಕೈ ನೋವು ಎನ್ನುತ್ತಿದ್ದಳು. ಆಮೇಲೆ ಜ್ವರ. ಮಾತ್ರೆ ನುಂಗುವುದು, ಇಳಿಯುವುದು, ಮತ್ತೆ ಏರುವುದು. ಸುಳ್ಯದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸು ಎಂದಿದ್ದರು. ಅದಕ್ಕೆ ಒಂದು ಹಗಲು ಬೇಕು. ಆದಿತ್ಯವಾರ ಕಳೆಯಲಿ ಅಕ್ಕ, ಮಾಡಿಸ್ತೇನೆ ಎಂದಿದ್ದಳು.

ಆ ಆದಿತ್ಯವಾರದ ಸರದಿ ಹಸ್ನಾಳದ್ದು. ಅಂದೇ ಅವಳ ತಂಗಿಯ ನಿಖಾ.

ಆ ದಿನ ಶನಿವಾರ. ಬೆಳಿಗ್ಗೆಯೇ ಮೋಕ್ಷಿತಾ ಫೋನ್ ಮಾಡಿದ್ದಳು. "ಅಕ್ಕ, ಇವತ್ತು ನಂಗೆ ಏಳ್ಲಿಕ್ಕೇ ಆಗ್ತಾ ಇಲ್ಲ. ಕಣ್ಣಿನ ಹಿಂದೆಲ್ಲ ನೋವು."

ಊರ್ಮಿಳಾ ಒಲೆಯ ಮುಂದಿದ್ದಳು. "ಬಾರದೆ ಇರ್ಬೇಡ ಮಾರಾಯ್ತಿ. ನೀನು ಇವತ್ತು ರಜೆ ಹಾಕಿದ್ರೆ ನಾಳೆ ಹಸ್ನಾಳದ್ದು ಹೋಗ್ತದೆ. ಮನೆಯಲ್ಲಿ ಮದುವೆ ಇಟ್ಟುಕೊಂಡು ಅವಳು ಇಲ್ಲಿ ಚಡ್ಡಿ ಮಾರ್ಬೇಕಾ?"

ಊರ್ಮಿಳಾ ಅನ್ನದ ಪಾತ್ರೆ ಇಳಿಸಿದಳು.

"ಬಂದು ಬೆರಳು ಒತ್ತು. ಉಳಿದದ್ದು ನಾವು ನೋಡ್ತೇವೆ. ಮಲಗುದಾದ್ರೆ ಎಲ್ಲಿ ಮಲಗಿದ್ರೂ ಒಂದೇ ಅಲ್ವಾ?"

"ಬರ್ತೇನೆ ಅಕ್ಕ."

ಬಂದಳು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡು, ಮುಖ ತೊಳೆದು, ಬೆರಳು ಒತ್ತಿದಳು. ಬೆರಳು ಒದ್ದೆಯಿತ್ತೋ ಏನೋ, ಮೆಷಿನ್ ಒಪ್ಪಲಿಲ್ಲ. ಚೂಡಿದಾರದ ಶಾಲಿಗೆ ಒರೆಸಿ ಮತ್ತೆ ಒತ್ತಿದಳು. ಫ್ಲೋರ್ ನೋಡಿಕೊಳ್ಳುವ ರೂಪೇಶ್ ಪಕ್ಕದಲ್ಲೇ ಇದ್ದ. "ಎಂತ ಮೋಕ್ಷಿತಾ, ಮೆಷಿನಿಗೂ ನಿನ್ನ ಗುರ್ತ ಸಿಗುದಿಲ್ವಾ? ಅಷ್ಟು ಸಪೂರ ಆದ್ಯಾ?" ಎಂದು ನಗಿಸಲು ನೋಡಿದ. ಅವನಿಗೂ ಗೂಡಿನ ವಿಷಯ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇರುವುದೇ ಅವನ ಉಪಕಾರ.

ಹಸ್ನಾ ಅವಳ ಕೈ ಹಿಡಿದು ಅಟ್ಟಕ್ಕೆ ಹತ್ತಿಸಿದಳು.

"ನಿನ್ನಿಂದಾಗಿ ನಂಗೆ ನಾಳೆ ಬಿರಿಯಾನಿ," ಎಂದಳು ಹಾಸಿಗೆ ಸರಿಮಾಡುತ್ತಾ. "ನಿಂಗೆ ಕಟ್ಟಿಸ್ಕೊಂಡು ಬರ್ತೇನೆ, ಆಯ್ತಾ?"

"ಈಗ ಊಟದ ಹೆಸರು ಹೇಳ್ಬೇಡ ಮಾರಾಯ್ತಿ," ಎಂದಳು ಮೋಕ್ಷಿತಾ. "ನಿನ್ನ ತಂಗಿಯ ಫೋಟೋ ಮಾತ್ರ ಕಳಿಸು."

ಬೆಳಗಿನಿಂದ ಜನವೋ ಜನ. ಕಡಬದಿಂದ, ಸುಳ್ಯದಿಂದ, ಮಕ್ಕಳನ್ನು ಕಟ್ಟಿಕೊಂಡು ಬಂದವರು. ಇಪ್ಪತ್ತೆಂಟರ ಪ್ಯಾಂಟು ಬಿಗಿ, ಮೂವತ್ತರದ್ದು ಸಡಿಲ, ಬರುವ ವರ್ಷಕ್ಕೂ ಆಗಬೇಕು ಹಾಗೆ ಕೊಡಿ. ಊರ್ಮಿಳಾ ನಡುವೆ ಒಮ್ಮೆ ಗಂಜಿಯ ತಿಳಿ ಒಯ್ದಳು. ಮೋಕ್ಷಿತಾ ಎರಡು ಗುಟುಕು ಕುಡಿದು ಕಾರಿದಳು. ಹೊಟ್ಟೆ ಒತ್ತಿ ಹಿಡಿದುಕೊಂಡಿದ್ದಳು.

"ಗ್ಯಾಸ್ಟ್ರಿಕ್. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದ್ದು," ಎಂದಳು ಊರ್ಮಿಳಾ.

ಊಟದ ಹೊತ್ತಿಗೆ ಮತ್ತೆ ಹತ್ತಿದಳು. ಹಣೆ ಮುಟ್ಟಿದಳು. ತಣ್ಣಗಿತ್ತು. ನಂಬಿಕೆ ಬಾರದೆ ಕುತ್ತಿಗೆ ಮುಟ್ಟಿದಳು. ಅದೂ ತಂಪು, ಬೆವರಿನಿಂದ ಒದ್ದೆ. ದೇವರೇ, ಎಂದು ಎದೆಗೆ ಕೈ ಮುಟ್ಟಿಸಿಕೊಂಡಳು.

"ಜ್ವರ ಬಿಟ್ಟಿತು ನೋಡು! ನಾನು ಹೇಳ್ಲಿಲ್ವಾ?"

ಮೋಕ್ಷಿತಾ ಕಣ್ಣು ಬಿಟ್ಟಳು. "ಅಕ್ಕ, ಒಂಥರಾ ಆಗ್ತದೆ."

"ಬೆವರಿದ್ದಲ್ವಾ, ಸುಸ್ತು ಇರ್ತದೆ. ನಿದ್ದೆ ಮಾಡು. ಸಂಜೆ ಬೆರಳು ಒತ್ಲಿಕ್ಕೆ ನಾನೇ ಎಬ್ಬಿಸ್ತೇನೆ."

"ಬಾಯಾರಿಕೆ."

ನೀರು ಕೊಟ್ಟಳು. ಕುಡಿದ ಮೇಲೆ ಮೋಕ್ಷಿತಾ ಅವಳ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಊರ್ಮಿಳಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹೊದಿಕೆಯ ಮೇಲಿಟ್ಟು, ಇಳಿದು ಬಂದಳು. ಹಸ್ನಾಳ ಹಿಂದೆ ಹಾದು ಹೋಗುವಾಗ "ಸ್ಟಾಕ್ ಸರಿ ಉಂಟು," ಎಂದು ಪಿಸುಗುಟ್ಟಿದಳು. ಹಸ್ನಾಳ ಮುಖ ಅರಳಿತು. ಇಡೀ ಸೆಕ್ಷನ್ನಿಗೆ ಸುದ್ದಿ ಕಣ್ಣಿನಿಂದ ಕಣ್ಣಿಗೆ ಹೋಯಿತು.

ಆಮೇಲೆ ಜನ ಇನ್ನೂ ಹೆಚ್ಚಿತು. ಯಾವುದೋ ಶಾಲೆಯ ಬಿಳಿ ಶರ್ಟಿನ ಬಟ್ಟೆ ಕೆಳಗೆ ಮುಗಿಯಿತು. ಎರಡು ಮನೆಯವರು ಕಾದು ಗೊಣಗತೊಡಗಿದರು. ಬೋಜಪ್ಪನವರು ಕುರ್ಚಿಯಿಂದ ಎದ್ದರು.

"ಮೇಲೆ ಉಂಟಲ್ಲ? ನಿಲ್ಲಿ, ನಾನೇ ತರ್ತೇನೆ," ಎಂದು ಮೆಟ್ಟಿಲ ಕಡೆ ನಡೆದರು.

ಊರ್ಮಿಳೆಯ ಕೈಯ ಟೇಪು ನೆಲಕ್ಕೆ ಬಿತ್ತು. "ಬೇಡ ಧಣಿ! ನಿಮ್ಮ ಮಂಡಿ! ಆ ಮೆಟ್ಟಿಲು ಸರಿ ಇಲ್ಲ!"

"ಅಷ್ಟು ಮುದುಕ ಆಗ್ಲಿಲ್ಲ ನಾನು."

"ನಾನು ಹೋಗ್ತೇನೆ ಸರ್," ಹಸ್ನಾ ಅವರನ್ನು ದಾಟಿ ಮೆಟ್ಟಿಲಿಗೆ ಹಾರಿದಳು. ರೂಪೇಶನೂ ಓಡಿ ಬಂದ, "ಸರ್, ಕ್ಯಾಶಿನಲ್ಲಿ ಜನ ನಿಂತಿದ್ದಾರೆ ನೋಡಿ" ಎಂದು. ಬೋಜಪ್ಪನವರು ಒಂದು ಕಾಲು ಮೊದಲ ಮೆಟ್ಟಿಲ ಮೇಲಿಟ್ಟವರು, ಸುತ್ತ ನೋಡಿ ನಕ್ಕರು. ಎಲ್ಲರಿಗೂ ತನ್ನ ಮಂಡಿಯ ಮೇಲೆ ಎಷ್ಟು ಪ್ರೀತಿ! ಕಾಲು ತೆಗೆದು ಕುರ್ಚಿಗೆ ಮರಳಿದರು.

ಹಸ್ನಾ ಕಟ್ಟು ಹೊತ್ತು ಇಳಿದಳು. "ನಿದ್ದೆ," ಎಂದಳು ಊರ್ಮಿಳೆಗೆ, ತುಟಿ ಮಾತ್ರ ಅಲುಗಿಸಿ. "ಚಳಿ ಆಗ್ಬಾರ್ದು ಅಂತ ಬಿಳಿ ಬಟ್ಟೆ ಬಿಚ್ಚಿ ಹೊದೆಸಿದ್ದೇನೆ."

ಸಂಜೆ ಬೆರಳು ಒತ್ತುವ ಹೊತ್ತಾಗುತ್ತಾ ಬಂತು. ಊರ್ಮಿಳಾ ಅವಳನ್ನು ಎಬ್ಬಿಸಲು ಹತ್ತಿದಳು.

ಕಟ್ಟುಗಳ ಮರೆಯಲ್ಲಿ ಮೊದಲು ಕಂಡದ್ದು ಬಿಳಿ. ಗಲ್ಲದವರೆಗೆ ಎಳೆದ ಹೊಸ ಬಿಳಿ ಬಟ್ಟೆ, ಇನ್ನೂ ಮಡಿಕೆಯ ಗೆರೆ ಹೋಗದ್ದು. ಅದರ ಅಂಚಿನಲ್ಲಿ ಒಂದು ಮುಖ. ಊರ್ಮಿಳಾ ನಿಂತಲ್ಲೇ ನಿಂತಳು. ಯಾರ ಮುಖ ಎಂದು ಒಂದು ಕ್ಷಣ ಗೊತ್ತಾಗಲಿಲ್ಲ.

"ಮೋಕ್ಷಿತಾ."

ಮಂಡಿಯೂರಿ ಹಣೆ ಮುಟ್ಟಿದಳು. ಮಧ್ಯಾಹ್ನದ ತಂಪಲ್ಲ ಇದು. ಅಂಗಡಿ ಮುಚ್ಚಿದ ಮೇಲೆ ಕೌಂಟರಿನ ಗಾಜು ಹೇಗೆ ಇರುತ್ತದೋ ಹಾಗೆ. ತುಟಿ ಬೂದಿ ಬಣ್ಣ. ಉಗುರು ನೀಲಿ. ಮಣಿಕಟ್ಟಿನಲ್ಲಿ ಬೆರಳಿಟ್ಟು ಹುಡುಕಿದಳು, ಏನೂ ಸಿಗಲಿಲ್ಲ. ಮೂಗಿನ ಬಳಿ ಕಿವಿಯಿಟ್ಟಳು. ಉಸಿರು ಇತ್ತು. ದೂರದಲ್ಲಿ ಯಾರೋ ಬಟ್ಟೆ ಹರಿಯುವ ಸದ್ದಿನಂತೆ, ಚಿಕ್ಕದಾಗಿ, ಬೇಗ ಬೇಗ.

ಊರ್ಮಿಳೆಗೆ ಕೂಗಬೇಕು ಅನ್ನಿಸಿತು. ಬಾಯಿ ತೆರೆಯಿತು. ಅಷ್ಟು ವರ್ಷ ಆ ಅಟ್ಟದಲ್ಲಿ ಯಾರೂ ದನಿ ಎತ್ತಿರಲಿಲ್ಲ. ಬಾಯಿಂದ ಬಂದದ್ದು ಪಿಸುಮಾತು. "ಹಸ್ನಾ. ಹಸ್ನಾ." ಕೆಳಗೆ ಜನರ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕೊನೆಗೆ ಅವಳು ಎದುರಿದ್ದ ಕಟ್ಟುಗಳ ಗೋಡೆಯನ್ನು ಎರಡೂ ಕೈಯಲ್ಲಿ ನೂಕಿದಳು. ಕಟ್ಟುಗಳು ಮೆಟ್ಟಿಲ ಮೇಲೆ ಧಡಧಡ ಉರುಳಿ ಅಂಗಡಿಯ ನಡುವೆ ಬಿದ್ದವು. ಮಕ್ಕಳು ಚೀರಿದರು. ಎಲ್ಲರೂ ತಲೆ ಎತ್ತಿದರು.

ರೂಪೇಶ್ ಮತ್ತು ಒಬ್ಬ ಗಿರಾಕಿ ಸೇರಿ ಅವಳನ್ನು ಇಳಿಸಿದರು. ಹೊದೆಸಿದ ಬಿಳಿ ಬಟ್ಟೆ ಹಿಂದೆಯೇ ಮೆಟ್ಟಿಲಿಂದ ಮೆಟ್ಟಿಲಿಗೆ ಎಳೆದುಕೊಂಡು ಬಂತು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ಬೋಜಪ್ಪನವರು ಕ್ಯಾಶಿನಿಂದ ಎದ್ದು ನಿಂತಿದ್ದರು.

"ಯಾರು ಇದು?" ಎಂದರು. ಹತ್ತಿರ ಬಂದು ನೋಡಿ ಮತ್ತೂ ಕೇಳಿದರು, "ಇದು ನಮ್ಮ ಹುಡುಗಿಯಾ? ಮೇಲೆ ಎಂತ ಮಾಡ್ತಿದ್ಳು?"

"ಸ್ಟಾಕ್..." ಎಂದಳು ಕೌಂಟರಿನ ಪ್ರೀತಿಕಾ, ಅಭ್ಯಾಸಬಲದಿಂದ. ಎಂದವಳೇ ಬಾಯಿಗೆ ಕೈ ಇಟ್ಟು ಅಳತೊಡಗಿದಳು.

ಬೋಜಪ್ಪನವರ ಕಾರಿನಲ್ಲೇ ಒಯ್ದರು. ಆಸ್ಪತ್ರೆ ದೂರವಿರಲಿಲ್ಲ. ಅಂಗಡಿಯ ಬಾಗಿಲಲ್ಲಿ ನಿಂತರೆ ಅದರ ಬೋರ್ಡು ಕಾಣುತ್ತಿತ್ತು. ಬೆಳಗಿನಿಂದಲೂ ಕಾಣುತ್ತಿತ್ತು.

ಡಾಕ್ಟರು ಹೊರಗೆ ಬಂದು ಯಾರು ಜೊತೆಯವರು ಎಂದರು. ಊರ್ಮಿಳಾ ಮುಂದೆ ಹೋದಳು.

"ಎಷ್ಟು ದಿನದಿಂದ ಜ್ವರ?"

"ಸೋಮವಾರದಿಂದ ಇರ್ಬೇಕು. ಆದರೆ ಈಗ ಜ್ವರ ಇಲ್ಲ ಡಾಕ್ಟ್ರೇ," ಊರ್ಮಿಳಾ ಅವಸರದಲ್ಲಿ ಹೇಳಿದಳು, ಅದೊಂದು ಒಳ್ಳೆಯ ಸುದ್ದಿ ತನ್ನ ಬಳಿ ಉಳಿದಿದೆ ಎಂಬಂತೆ. "ಮಧ್ಯಾಹ್ನವೇ ಬಿಟ್ಟಿತು. ನಾನೇ ಮುಟ್ಟಿ ನೋಡಿದ್ದು."

ಡಾಕ್ಟರು ಅವಳ ಮುಖ ನೋಡಿದರು.

"ಆಗ ತರ್ಬೇಕಿತ್ತಮ್ಮ. ಇದು ಡೆಂಗಿ. ಇದರಲ್ಲಿ ಅಪಾಯ ಇರುದೇ ಜ್ವರ ಬಿಟ್ಟ ಮೇಲೆ. ರಕ್ತದ ನೀರೆಲ್ಲ ನಾಳದಿಂದ ಹೊರಗೆ ಸೋರಿ ಹೋಗ್ತದೆ. ಹೊಟ್ಟೆನೋವು, ವಾಂತಿ, ಮೈ ತಣ್ಣಗೆ. ಅದು ಗುಣ ಆದದ್ದಲ್ಲ, ಬಿ.ಪಿ. ಬೀಳ್ತಾ ಇದ್ದದ್ದು. ಮಧ್ಯಾಹ್ನ ಬಂದಿದ್ರೆ ಡ್ರಿಪ್ಸ್ ಹಾಕಿ ಕೂರಿಸ್ತಿದ್ದೆವು."

ಅವರು ಒಳಗೆ ಹೋದರು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಊರ್ಮಿಳಾ ತನ್ನ ಅಂಗೈ ನೋಡಿಕೊಂಡಳು. ಇದೇ ಕೈ. ಆ ಬೆರಳುಗಳನ್ನು ಬಿಡಿಸಿ ಇಟ್ಟು ಬಂದ ಕೈ. ದೇವರೇ ಎಂದು ಎದೆಗೆ ಮುಟ್ಟಿಸಿಕೊಂಡ ಕೈ.

ಮೋಕ್ಷಿತಾಳ ತಾಯಿ ಸೇವಂತಿ ಬಸ್ಸಿಗೆ ಕಾಯದೆ ಯಾರದೋ ಜೀಪಿನಲ್ಲಿ ಬಂದರು. ಗಾಜಿನ ಬಾಗಿಲಿಗೆ ಮುಖ ಒತ್ತಿ "ಎಂತಾತ್ ಮಗ್ಳೆ" ಎಂದು ತಮ್ಮ ಅರೆಭಾಷೆಯಲ್ಲಿ ಒಳಗಿದ್ದವಳನ್ನೇ ಕೇಳಿದರು. ಆಮೇಲೆ ತಿರುಗಿ ಊರ್ಮಿಳೆಯ ಎರಡೂ ಕೈ ಹಿಡಿದುಕೊಂಡರು.

"ಹೋಗ್ಬೇಡ ಅಂತ ಹೇಳಿದ್ದೆ ನಾನು. ಊರ್ಮಿಳಕ್ಕ ನೋಡ್ಕೊಳ್ತಾರೆ ಅಮ್ಮ ಅಂತ ಹೇಳಿ ಬಂದಳು. ನೀವು ಇದ್ರಲ್ಲ, ಅದೊಂದು ಧೈರ್ಯ."

ಊರ್ಮಿಳೆಗೆ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಈ ಸಲ ಬಿಡಿಸಿಕೊಳ್ಳಲೂ ಇಲ್ಲ.

ಅವಳ ಫೋನ್ ಬಡಿಯಿತು. ರೂಪೇಶ್. ಗಾಬರಿಯಲ್ಲಿ ಎಲ್ಲಿ ಒತ್ತಿದಳೋ, ದನಿ ಜೋರಾಗಿ ಹೊರಗೇ ಕೇಳಿತು.

"ಊರ್ಮಿಳಕ್ಕ, ಹೇಗುಂಟು ಅವಳಿಗೆ? ಅಕ್ಕ, ಇನ್ನೊಂದು ವಿಷಯ. ಮೋಕ್ಷಿತಾಳದ್ದು ಸಂಜೆಯ ಬೆರಳು ಆಗ್ಲಿಲ್ಲ. ಮೆಷಿನಿನಲ್ಲಿ ರಜೆ ಅಂತ ತೋರಿಸ್ತದೆ. ಹಸ್ನಾಳ ನಾಳೆಯದ್ದು ಹೋಗ್ತದೆ ಪಾಪ. ನಾನು ಕಂಪ್ಯೂಟರಿನಲ್ಲಿ ಕೈಯಲ್ಲೇ ಹಾಕಿ ಬಿಡ್ಲಾ? ಧಣಿಗೆ ಗೊತ್ತಾಗುದಿಲ್ಲ."

ಬೆಂಚಿನ ಆ ತುದಿಯಲ್ಲಿ ಬೋಜಪ್ಪನವರು ತಲೆ ಎತ್ತಿದರು.

"ಎಂತ ಹೇಳ್ತಾನೆ ಅವ?"

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಊರ್ಮಿಳಾ ಹೇಳಿದಳು. ಆದಿತ್ಯವಾರದ ಕಟ್ಟಳೆ, ಬೆರಳು, ಗೂಡು, ಸ್ಟಾಕ್ ನೋಡುವುದು, ಅವರನ್ನು ಮೆಟ್ಟಿಲಿಂದ ತಿರುಗಿಸಿದ್ದು, ಎಲ್ಲ.

ಬೋಜಪ್ಪನವರು ಬೆಂಚಿನಿಂದ ಅರ್ಧ ಎದ್ದು, ಮತ್ತೆ ಕೂತರು.

"ಆ ರೂಲು," ಎಂದರು. "ಅದು ಆ ಒಂದು ವರ್ಷಕ್ಕೆ ಅಂತ ಮಾಡಿದ್ದಲ್ವಾ? ಕೊರೊನಾ ಕಳೆದು ಅಂಗಡಿ ತೆರೆದಾಗ, ಯಾರೂ ಬರ್ತಿರ್ಲಿಲ್ಲ ಅಂತ? ಅದು ಈಗಲೂ ಉಂಟಾ?"

ಊರ್ಮಿಳಾ ಅವರನ್ನೇ ನೋಡಿದಳು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಇಷ್ಟು ಜನ ಇಷ್ಟು ಕಾಲ ಹೆದರಿಕೊಂಡು ಬದುಕಿದ ಮಾತು, ಆಡಿದವರಿಗೇ ಮರೆತುಹೋಗಿತ್ತು.

"ನನಗೆ ಒಂದು ಮಾತು ಹೇಳ್ಬಹುದಿತ್ತಲ್ಲ ಊರ್ಮಿಳಾ. ನಮ್ಮಲ್ಲಿ ಯಾರಿಗೂ ಜ್ವರ ಬರುದಿಲ್ಲ ಅಂತ ನಾನು ನಿಜವಾಗಿ ನಂಬಿದ್ದೆ."

"ಹೇಳಿದ್ರೆ ಎಂತ ಮಾಡ್ತಿದ್ರಿ ಧಣಿ?"

ಅವರು ಕಾರಿನ ಕೀಯನ್ನು ಈ ಕೈಯಿಂದ ಆ ಕೈಗೆ ದಾಟಿಸಿದರು.

ಊರ್ಮಿಳಾ ಆ ರಾತ್ರಿ ಮನೆಗೆ ಹೋಗಲಿಲ್ಲ. ಅಜ್ಜ ಹೇಳಿದ್ದರು, ಏಳುವವರೆಗೆ ಮಡಚಬಾರದು. ಅವಳಿಗೆ ಬಾಯಿಪಾಠವಿದ್ದ ಪದ್ಯಗಳನ್ನೆಲ್ಲ ಒಂದರ ಹಿಂದೊಂದು ತುಟಿಯೊಳಗೇ ಹೇಳಿದಳು. ಎಲ್ಲೂ ನಿಲ್ಲಿಸಲಿಲ್ಲ. ಬೆಳಕು ಹರಿಯುವ ಮೊದಲು ಬಾಗಿಲು ತೆರೆಯಿತು, ಡಾಕ್ಟರು ಸೇವಂತಿಯವರ ಕಡೆ ನಡೆದರು. ಪದ್ಯ ನಡುವೆಯೇ ನಿಂತಿತು.

ಮೋಕ್ಷಿತಾ ಏಳಲಿಲ್ಲ.

ಆ ಆದಿತ್ಯವಾರ ಹಸ್ನಾಳಿಗೆ ರಜೆ ಸಿಕ್ಕಿತು. ರೂಪೇಶ್ ಕಂಪ್ಯೂಟರಿನಲ್ಲಿ ಹಾಕಿಬಿಟ್ಟಿದ್ದ. ತಂಗಿಯ ನಿಖಾದಲ್ಲಿ ಅವಳು ಹೆಂಗಸರ ನಡುವೆ ಕೂತಿದ್ದಳಂತೆ, ಯಾರು ಏನು ಬಡಿಸಿದರೂ ಮುಟ್ಟಲಿಲ್ಲವಂತೆ. ಕಳಿಸಬೇಕಾಗಿದ್ದ ಫೋಟೋ ಫೋನಿನಲ್ಲಿ ಹಾಗೆಯೇ ಉಳಿಯಿತು.

ಮರುದಿನದಿಂದ ಎರಡು ದಿನ ಅಂಗಡಿ ಮುಚ್ಚಿತ್ತು. ತೆರೆದ ದಿನ ಜನ ಮೊದಲಿನಂತೆಯೇ ಬಂದರು. ಶಾಲೆ ಯಾರಿಗೂ ಕಾಯುವುದಿಲ್ಲ. ಬಾಗಿಲ ಬಳಿಯ ಮೆಷಿನ್ ಗೋಡೆಯಲ್ಲೇ ಇತ್ತು. ಒತ್ತಬೇಕೋ ಬೇಡವೋ ಎಂದು ಯಾರೂ ಹೇಳಿರಲಿಲ್ಲ, ಆದ್ದರಿಂದ ಎಲ್ಲರೂ ಒತ್ತಿದರು.

ಪ್ರೀತಿಕಾ ಬೆರಳು ಒತ್ತಿ ಬಂದವಳು ಯಾರ ಮುಖವನ್ನೂ ನೋಡದೆ ಸೀದಾ ಕಬ್ಬಿಣದ ಮೆಟ್ಟಿಲ ಕಡೆ ನಡೆದಳು. ಹಲ್ಲು ಕಟಕಟ ಎನ್ನುತ್ತಿತ್ತು. ಊರ್ಮಿಳಾ ಅಡ್ಡ ನಿಂತು ಹಣೆ ಮುಟ್ಟಿದಳು. ಸುಡುತ್ತಿತ್ತು.

"ಸ್ವಲ್ಪ ಹೊತ್ತು ಅಕ್ಕ," ಎಂದಳು ಪ್ರೀತಿಕಾ. "ಮಾತ್ರೆ ನುಂಗಿದ್ದೇನೆ. ಆಮೇಲೆ ಇಳಿದು ಬರ್ತೇನೆ."

ಊರ್ಮಿಳಾ ಅವಳ ಮಣಿಕಟ್ಟು ಹಿಡಿದಳು. ಮೆಟ್ಟಿಲಿಂದ ತಿರುಗಿಸಿ, ಕೌಂಟರುಗಳ ನಡುವಿನಿಂದ, ಗಿರಾಕಿಗಳನ್ನು ಸರಿಸಿಕೊಂಡು, ಕ್ಯಾಶಿನ ಮುಂದೆ ತಂದು ನಿಲ್ಲಿಸಿದಳು. ಬೋಜಪ್ಪನವರು ಯಾರಿಗೋ ಚಿಲ್ಲರೆ ಎಣಿಸುತ್ತಿದ್ದರು.

"ಧಣಿ," ಎಂದಳು. ಆ ಅಂಗಡಿಯಲ್ಲಿ ಎಂದೂ ಆಡದಷ್ಟು ದೊಡ್ಡ ದನಿಯಲ್ಲಿ. "ಪ್ರೀತಿಕಾಳಿಗೆ ಜ್ವರ."

ಗದ್ದಲ ನಿಂತಿತು. ಚಿಲ್ಲರೆಗೆ ಕೈ ಚಾಚಿದ್ದ ಗಿರಾಕಿ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯೋ, ನಿಮ್ಮಲ್ಲಿಯೂ ಬಂತಾ?" ಎಂದರು.

ಬೋಜಪ್ಪನವರು ತಲೆ ಎತ್ತಿದರು. ಗಿರಾಕಿಯ ಮುಖಕ್ಕೆ ಮುಖ ಕೊಟ್ಟು ನಕ್ಕರು, ಎಷ್ಟೋ ವರ್ಷಗಳಿಂದ ನಕ್ಕ ಹಾಗೆಯೇ.

"ನಮ್ಮ ಅಂಗಡಿಯಲ್ಲಿ ಯಾರಿಗೂ..."

ಮಾತು ಅಲ್ಲಿ ನಿಂತಿತು. ನಗು ಇನ್ನೂ ಮುಖದ ಮೇಲಿತ್ತು, ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕೈಯಲ್ಲಿದ್ದ ಚಿಲ್ಲರೆ ಮೇಜಿನ ಮೇಲೆ ಚೆಲ್ಲಿತು. ಹಸ್ನಾ, ರೂಪೇಶ್, ಉಳಿದ ಹುಡುಗಿಯರು, ಎಲ್ಲರೂ ಅವರನ್ನೇ ನೋಡುತ್ತಿದ್ದರು. ಊರ್ಮಿಳಾ ಪ್ರೀತಿಕಾಳ ಕೈ ಬಿಡದೆ ನಿಂತಿದ್ದಳು.

ಬೋಜಪ್ಪನವರು ಎದ್ದರು. ಜೇಬು ತಡಕಾಡಿದರು, ಡ್ರಾಯರು ಎಳೆದರು, ಮತ್ತೆ ಜೇಬು ತಡಕಾಡಿದರು. ಕಾರಿನ ಕೀ ಎದುರಿಗೇ, ಚೆಲ್ಲಿದ ಚಿಲ್ಲರೆಯ ನಡುವೆ ಬಿದ್ದಿತ್ತು.